ಚೀಟಿಯ ಮೊದಲನೆಯ ಸಾಲು

“ಬಿದ್ದಿತ್ತಾ?”

“ಇಲ್ಲಪ್ಪ, ಬಿದ್ದಿಲ್ಲ.”

“ನೀರು, ಕಾಫಿ, ಏನಾದ್ರೂ ಚೆಲ್ಲಿದ್ರಾ?”

“ಚೆಲ್ಲಿಲ್ಲ.”

“ಬೇರೆ ಎಲ್ಲಾದ್ರೂ ತೋರಿಸಿದ್ರಾ? ಯಾರಾದ್ರೂ ಬಿಚ್ಚಿದ್ರಾ?”

“ಇಲ್ಲ. ಸೀದಾ ನಿಮ್ಮ ಹತ್ರಾನೇ ಬಂದಿದ್ದು.”

ಡಿಸ್ಕಪ್ಪ ರಸೀದಿ ಪುಸ್ತಕದಲ್ಲಿ ಮೂರು ಕಡೆ ‘ಇಲ್ಲ’ ಎಂದು ಬರೆದ. ಮೂರನ್ನೂ ನಂಬಲಿಲ್ಲ. ಹದಿನಾರು ವರ್ಷದಿಂದ ಅವನು ಇದೇ ಮೂರು ಪ್ರಶ್ನೆ ಕೇಳುತ್ತಿದ್ದ, ಜನ ಇದೇ ಮೂರು ಸುಳ್ಳು ಹೇಳುತ್ತಿದ್ದರು. ಮೂಲೆ ನೆಗ್ಗಿ ಬಾಯಿ ಬಿಟ್ಟುಕೊಂಡ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡೇ ‘ಬಿದ್ದಿಲ್ಲ’ ಅನ್ನುತ್ತಿದ್ದರು. ಕೀಲಿಗಳ ಸಂದಿಯಲ್ಲಿ ಹಾಲಿನ ಕೆನೆ ಒಣಗಿ ಹಕ್ಕಳೆಯಾಗಿದ್ದರೂ ‘ಏನೂ ಚೆಲ್ಲಿಲ್ಲ’. ಒಬ್ಬನಂತೂ ಡಿಸ್ಕಿನ ಮುಚ್ಚಳವನ್ನೇ ಬಿಚ್ಚಿ, ಒಳಗಿನ ಕನ್ನಡಿಯಂಥ ತಟ್ಟೆಯನ್ನು ಕರವಸ್ತ್ರದಿಂದ ಒರೆಸಿ, ಏನೂ ಅರಿಯದವನಂತೆ ಮುಚ್ಚಿ ತಂದಿದ್ದ. ತಟ್ಟೆಯ ಮೇಲೆ ಅವನದೇ ಹೆಬ್ಬೆರಳಿನ ಗುರುತು ತೋರಿಸಿದರೆ, ‘ಕಂಪನಿಯಿಂದಲೇ ಹಾಗೆ ಬಂದಿರಬೇಕು’ ಅಂದ.

ಡಿಸ್ಕಪ್ಪ ಎಂಬುದು ಅವನ ಹೆಸರಲ್ಲ. ಕೆಟ್ಟುಹೋದ ಡಿಸ್ಕುಗಳಿಂದ ಫೈಲು ಹೊರತೆಗೆದು ಕೊಡುತ್ತಾನೆಂದು ಬೀದಿಯವರು ಇಟ್ಟದ್ದು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಫೋನೆತ್ತಿದರೆ ತಾನೇ ‘ಡಿಸ್ಕಪ್ಪ’ ಅನ್ನುತ್ತಿದ್ದ. ಅಂಗಡಿ ಕನ್ನಡಕದ ಅಂಗಡಿಯ ಮಗ್ಗುಲಲ್ಲಿತ್ತು. ಮುಂದೆ ಗಾಜಿನ ಬಾಗಿಲು, ಒಳಗೆ ಒಂದು ಕೌಂಟರು, ಕೌಂಟರಿನ ಹಿಂದೆ ಅವನ ಅಕ್ಕ, ಅಕ್ಕನ ಹಿಂದೆ ಪರದೆ, ಪರದೆಯ ಆಚೆ ಅವನ ಮೇಜು. ಗಿರಾಕಿಗಳ ಜೊತೆ ಮಾತಾಡುವುದು ಅಕ್ಕನ ಕೆಲಸ, ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುವುದು ಅವನ ಕೆಲಸ. ಇವತ್ತು ಅಕ್ಕ ಬರುವುದು ತಡವಾಗಿ ಎರಡೂ ಕೆಲಸ ಅವನ ತಲೆಗೇ ಬಂದಿತ್ತು.

ಎದುರಿಗೆ ಕೂತಿದ್ದವರು ಗಂಡ ಹೆಂಡತಿ. ಇಬ್ಬರಿಗೂ ಎಪ್ಪತ್ತರ ಹತ್ತಿರ. ಗಂಡನ ಬಲಮಂಡಿ ಮಡಿಚುತ್ತಿರಲಿಲ್ಲ. ಕಾಲನ್ನು ಮುಂದಕ್ಕೆ ಚಾಚಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು. ಲ್ಯಾಪ್‌ಟಾಪನ್ನು ಒಂದು ಟವೆಲಿನಲ್ಲಿ ಸುತ್ತಿ, ಅದನ್ನು ಬಟ್ಟೆಚೀಲಕ್ಕೆ ಹಾಕಿ, ಚೀಲವನ್ನು ಹೆಂಡತಿ ಮಗು ಎತ್ತಿಕೊಂಡಂತೆ ಎದೆಗೆ ಆನಿಸಿಕೊಂಡು ತಂದಿದ್ದರು. ಈಗ ಗಂಡ ಆ ಮಾತು ಹೇಳುತ್ತಾರೆ ನೋಡು ಎಂದುಕೊಂಡ ಡಿಸ್ಕಪ್ಪ. ಹೇಳಿದರು.

“ನನ್ನ ಜೀವಮಾನವೆಲ್ಲ ಇದರಲ್ಲೇ ಇದೆ ಸರ್.”

ಜನರ ಜೀವಮಾನ ಹೇಗಿರುತ್ತದೆಂದು ಡಿಸ್ಕಪ್ಪನಷ್ಟು ನೋಡಿದವರು ಕಡಿಮೆ. ಯಾರೋ ಕಳಿಸಿದ ಶುಭೋದಯದ ಹೂವು ಒಂಬೈನೂರು, ಅರ್ಧ ಇಳಿದ ಸಿನಿಮಾ ನಾಲ್ಕು, ಒಂದೇ ತಟ್ಟೆ ಒಂದೇ ಚಮಚದ ಹನ್ನೊಂದು ಫೋಟೋ, ‘ಹೊಸ ಫೋಲ್ಡರ್’ ಎಂಬ ಹೆಸರಿನ ಮೂವತ್ತು ಫೋಲ್ಡರು, ಅದರಲ್ಲಿ ಇಪ್ಪತ್ತು ಖಾಲಿ. ಇದಕ್ಕಾಗಿ ಜನ ಕೌಂಟರಿನ ಮೇಲೆ ಕೈಯೂರಿ ಅಳುತ್ತಿದ್ದರು.

ಅಷ್ಟರಲ್ಲಿ ಅಕ್ಕ ಬಂದಳು. ಛತ್ರಿ ಮೂಲೆಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಅವನನ್ನು ಮೊಣಕೈಯಿಂದ ಆಚೆ ತಳ್ಳಿ ಕುರ್ಚಿಯಲ್ಲಿ ಕೂತಳು. ಮೇಜಿನ ಖಾನೆಯಿಂದ ಒಂದು ಬಿಳಿ ಚೀಟಿ, ಒಂದು ಪೆನ್ನು ತೆಗೆದು ಮುದುಕರ ಮುಂದಿಟ್ಟಳು.

“ಕೆಟ್ಟಿರೋ ಡಿಸ್ಕು ಯಜಮಾನ್ರೇ. ಓದೋ ಅಷ್ಟು ಹೊತ್ತು ಓದತ್ತೆ, ಆಮೇಲೆ ನಿಂತುಬಿಡತ್ತೆ. ಎರಡು ದಿನ ಓದಬಹುದು, ಹತ್ತೇ ನಿಮಿಷ ಓದಬಹುದು. ಅದಕ್ಕೆ ನಿಮಗೆ ಮೊದಲು ಏನು ಬೇಕು, ಆಮೇಲೆ ಏನು ಬೇಕು, ಸಾಲಾಗಿ ಬರೆದುಕೊಡಿ.”

ಚೀಟಿ ಬರೆಸುವುದು ಅಕ್ಕನ ಯೋಚನೆ. ಬರೆದ ಮೇಲೆ ಜನಕ್ಕೆ ಸಮಾಧಾನವಾಗುತ್ತದೆ, ತಮ್ಮ ಮಾತು ಯಾರೋ ಕೇಳಿಸಿಕೊಂಡರು ಅನ್ನಿಸುತ್ತದೆ ಎಂದು ಅವಳ ವಾದ. ಚೀಟಿಗಳನ್ನು ಅವಳು ಪರದೆಯ ಪಕ್ಕದ ಮೊಳೆಗೆ ಚುಚ್ಚಿಡುತ್ತಿದ್ದಳು. ಡಿಸ್ಕಪ್ಪ ಓದುತ್ತಿರಲಿಲ್ಲ. ಶುರುವಿನಲ್ಲಿ ಓದುತ್ತಿದ್ದ. ಒಬ್ಬ ಮಹಾಶಯ ಮೊದಲನೆಯ ಸಾಲಿನಲ್ಲಿ ಆಫೀಸಿನ ವರದಿ ಎಂದು ಬರೆದಿದ್ದ. ಡಿಸ್ಕಪ್ಪ ಬೆವರು ಸುರಿಸಿ ವರದಿ ತೆಗೆದ. ಡಿಸ್ಕು ಅಲ್ಲಿಗೆ ಪ್ರಾಣ ಬಿಟ್ಟಿತು. ಮಾರನೆಯ ದಿನ ಅವನ ಹೆಂಡತಿ ಬಂದು, ಮಗುವಿನ ಮೊದಲ ಎರಡು ವರ್ಷದ ಫೋಟೋ ಹೋಯಿತೆಂದು ಮಧ್ಯಾಹ್ನದವರೆಗೆ ಇದೇ ಕುರ್ಚಿಯಲ್ಲಿ ಅತ್ತಳು. ಆ ಮಹಾಶಯ, ‘ಫೋಟೋ ಮೊದಲು ಬರೀಬೇಕು ಅಂತ ನೀವು ಹೇಳಬೇಕಾಗಿತ್ತು’ ಎಂದು ಇವನ ಮೇಲೇ ಹಾರಾಡಿದ. ಅಂದಿನಿಂದ ಡಿಸ್ಕಪ್ಪನದು ಒಂದೇ ನಿಯಮ. ಯಾರೇ ಏನೇ ಬರೆಯಲಿ, ಮೊದಲು ಫೋಟೋ. ಜನಕ್ಕೆ ತಮಗೇನು ಬೇಕೆಂದು ಗೊತ್ತಿರುವುದಿಲ್ಲ, ಅವನಿಗೆ ಗೊತ್ತಿರುತ್ತದೆ.

ಮುದುಕರು ಬರೆಯಲು ಹತ್ತು ನಿಮಿಷ ತೆಗೆದುಕೊಂಡರು. ಪ್ರತಿ ಸಾಲಿನ ಹಿಂದೆ ಸಂಖ್ಯೆ ಹಾಕಿ, ಸಂಖ್ಯೆಯ ಸುತ್ತ ಸೊನ್ನೆ ಸುತ್ತಿದರು. ಅಕ್ಕ ಓದಿದಳು.

“‘ನೀರು’ ಅನ್ನೋ ಫೈಲಾ? ಏನಿದೆ ಅದರಲ್ಲಿ?”

“ವಾಲ್ವು,” ಅಂದರು. “ನಾನು ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸೋ ಕೆಲಸದಲ್ಲಿದ್ದೆ. ಮೂವತ್ತೊಂದು ವರ್ಷ. ಎಲ್ಲರೂ ವಾಲ್ವಣ್ಣ ಅಂತಾರೆ. ಯಾವ ಬೀದೀಲಿ, ಎಷ್ಟು ಆಳದಲ್ಲಿ, ಯಾವ ವಾಲ್ವು ಹೂತಿದೆ, ಎಡಕ್ಕೆ ತಿರುಗತ್ತೋ ಬಲಕ್ಕೋ, ಎಲ್ಲಾ ಅದರಲ್ಲಿದೆ. ಆರುನೂರ ಹನ್ನೆರಡು.”

“ಆಫೀಸಿನವರ ಹತ್ರ ನಕ್ಷೆ ಇರಲ್ವಾ?” ಡಿಸ್ಕಪ್ಪ ಪರದೆ ಸರಿಸುತ್ತ ಕೇಳಿದ.

“ಇದೆ. ನಕ್ಷೆ ಇರೋ ಕಡೆ ವಾಲ್ವಿಲ್ಲ, ವಾಲ್ವ್ ಇರೋ ಕಡೆ ನಕ್ಷೆ ಇಲ್ಲ. ರಸ್ತೆಗೆ ಪ್ರತಿ ಸಲ ಟಾರು ಹಾಕಿದಾಗ ಮುಚ್ಚಳ ಮುಚ್ಚಿಹೋಗತ್ತೆ. ಹೋದ ತಿಂಗಳು ಒಂದು ವಾಲ್ವು ಹುಡುಕೋಕೆ ಆಸ್ಪತ್ರೆ ಮುಂದೆ ಐದು ಕಡೆ ಅಗೆದ್ರು. ಎರಡು ದಿನ ಆಸ್ಪತ್ರೆಗೆ ನೀರಿಲ್ಲ. ಹೊಸದಾಗಿ ಬಂದಿರೋ ಇಂಜಿನಿಯರಮ್ಮ ಫೋನ್ ಮಾಡಿ, ಸೋಮವಾರ ಆ ಫೈಲ್ ತಗೊಂಡು ಬನ್ನಿ, ನಾನು ಕೂತು ನೋಡ್ತೀನಿ ಅಂದ್ರು. ಮೂವತ್ತೊಂದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.” ಅವರು ಮಂಡಿ ಸವರಿಕೊಂಡರು. “ಮತ್ತೆ ಊರೆಲ್ಲ ನಡೆದು ಬರೆಯೋ ಕಾಲು ಇದಲ್ಲ ಸರ್.”

“ಕಾಪಿ ಮಾಡಿಟ್ಟಿಲ್ವಾ ತಾತ?”

“ಮಾಡಿದ್ದೀನಿ. ಮೂರು ಕಡೆ.”

“ಮತ್ತೇನು ತೊಂದರೆ?”

“ಮೂರೂ ಇದರೊಳಗೇ ಇದೆ. ಒಂದು ಮೇಲುಗಡೆ, ಒಂದು ನನ್ನ ಹೆಸರಿನ ಫೋಲ್ಡರಲ್ಲಿ, ಇನ್ನೊಂದು ‘ಭದ್ರ’ ಅಂತ ಬೇರೆ ಫೋಲ್ಡರ್ ಮಾಡಿ ಅದರಲ್ಲಿ.”

ಡಿಸ್ಕಪ್ಪ ನಗು ತಡೆಯಲು ಕೆಮ್ಮಿದ. ಒಂದೇ ಜೇಬಿನಲ್ಲಿ ಮೂರು ಬೀಗದ ಕೈ ಇಟ್ಟುಕೊಂಡು ಜೇಬೇ ಕಳೆದುಕೊಂಡ ಮನುಷ್ಯ. ಮಧ್ಯಾಹ್ನ ಕನ್ನಡಕದವನಿಗೆ ಹೇಳಲೇಬೇಕು.

“ಬರೆದ ನೋಟ್‌ಬುಕ್ಕಾದ್ರೂ ಇರಬೇಕಲ್ಲ?” ಅಕ್ಕ ಕೇಳಿದಳು.

ಉತ್ತರ ಹೆಂಡತಿಯಿಂದ ಬಂತು. ಆಕೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಹೇಳಿದರು: “ಒಂಬತ್ತಿತ್ತು. ಟೈಪ್ ಆಯ್ತಲ್ಲ ಅಂತ ನಾನೇ ರದ್ದಿಗೆ ಹಾಕ್ದೆ. ಎರಡು ವರ್ಷ ಕೂತು ಒಂದೇ ಬೆರಳಲ್ಲಿ ಕುಟ್ಟಿದ್ರು. ಟಕ್, ಟಕ್ ಅಂತ. ಮರಕುಟಿಗ ಸಾಕ್ಕೊಂಡ ಹಾಗಿತ್ತು ಮನೇಲಿ.”

“ಶನಿವಾರ ಬನ್ನಿ,” ಅಂದಳು ಅಕ್ಕ.

ಡಿಸ್ಕಪ್ಪ ಡಿಸ್ಕನ್ನು ಹೊರತೆಗೆದು ಅಲ್ಯೂಮಿನಿಯಂ ತಗಡಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಪುಟ್ಟ ಫ್ಯಾನು ಹಚ್ಚಿ, ತಂತಿ ಜೋಡಿಸಿದ್ದು ಗುರುವಾರ ಬೆಳಿಗ್ಗೆ. ಕಿವಿಯನ್ನು ಹತ್ತಿರ ತಂದು ಕೇಳಿದ. ಒಳಗೆ ತಟ್ಟೆ ತಿರುಗುತ್ತಿತ್ತು. ಅದರ ಮೇಲೆ ಓಡಾಡಿ ಓದುವ ತೆಳ್ಳನೆಯ ಕೈ ಆಗಾಗ ದಾರಿ ತಪ್ಪಿ, ಹಿಂದಕ್ಕೆ ಬಂದು, ಮತ್ತೆ ಹೊರಡುತ್ತಿತ್ತು. ಬಿದ್ದ ಸದ್ದಲ್ಲ. ವಯಸ್ಸಾದ ಸದ್ದು. ಅಂದರೆ ಮುದುಕರು ಬಿದ್ದಿಲ್ಲ ಅಂದದ್ದು ನಿಜವೇ ಇತ್ತು. ಇದು ಅವನಿಗೆ ಸಂತೋಷ ಕೊಡಲಿಲ್ಲ, ಸ್ವಲ್ಪ ಕಿರಿಕಿರಿಯೇ ಆಯಿತು.

ಫೋಲ್ಡರುಗಳು ಒಂದೊಂದಾಗಿ ಮಾನಿಟರಿನ ಮೇಲೆ ಮೂಡಿದವು. ಮೇಲ್ಗಡೆಯೇ ‘ನೀರು’ ಇತ್ತು. ಎಷ್ಟು ಚಿಕ್ಕದೆಂದರೆ, ಒಂದು ಫೋಟೋದ ಅರ್ಧದಷ್ಟೂ ಇರಲಿಲ್ಲ. ಕೆಳಗೆ ‘ಪುಟ್ಟಿ’ ಎಂಬ ಫೋಲ್ಡರು. ಅದರಲ್ಲಿ ಒಂಬತ್ತು ಸಾವಿರ ಚಿಲ್ಲರೆ ಫೋಟೋ. ಡಿಸ್ಕಪ್ಪ ಎರಡನೆಯ ಸಲ ಯೋಚಿಸದೆ ‘ಪುಟ್ಟಿ’ಯನ್ನು ಆರಿಸಿದ. ಡಿಸ್ಕು ಓದಿ ಮುಗಿಸಿದಂತೆಲ್ಲ ಮಾನಿಟರಿನ ಬೂದುಬಣ್ಣದ ಚೌಕಗಳು ಒಂದೊಂದಾಗಿ ಹಸಿರಾಗತೊಡಗಿದವು.

ಪುಟ್ಟಿ ಮುದುಕರ ಮೊಮ್ಮಗಳಿರಬೇಕು. ಪುಟ್ಟಿ ಬಕೆಟ್ಟಿನಲ್ಲಿ ಕೂತಿದ್ದಳು. ಪುಟ್ಟಿ ಬಕೆಟ್ಟಿನಿಂದ ಎದ್ದಿದ್ದಳು. ಪುಟ್ಟಿ ಬಾಯಿಗೆ ಚಪ್ಪಲಿ ಹಾಕಿಕೊಂಡಿದ್ದಳು, ಚಪ್ಪಲಿಯ ಹದಿನಾಲ್ಕು ಫೋಟೋ, ಅದರಲ್ಲಿ ಆರು ಅಲುಗಿದ್ದವು. ಇದನ್ನೆಲ್ಲ ಯಾರಾದರೂ ಮತ್ತೆ ತೆಗೆದು ನೋಡುತ್ತಾರೆಯೇ ಎಂದು ಡಿಸ್ಕಪ್ಪ ಮೂಗು ಮುರಿದ. ನೋಡುವುದಿಲ್ಲ. ಆದರೆ ಹೋಯಿತು ಅಂದರೆ ಎದೆ ಬಡಿದುಕೊಳ್ಳುತ್ತಾರೆ.

ಹನ್ನೊಂದು ಗಂಟೆಗೆ ಅಕ್ಕ ಟೀ ತಂದು ಮೇಜಿನ ತುದಿಗಿಟ್ಟಳು. ಮಾನಿಟರಿನ ಮೇಲೆ ಚಪ್ಪಲಿ ಕಚ್ಚಿದ ಮಗುವನ್ನು ನೋಡಿದಳು.

“ಚೀಟಿ ನೋಡಿದ್ಯಾ?”

“ನೋಡೋದೇನಿದೆ. ಫೋಟೋ ಮುಗೀಲಿ.”

“ಮೊದಲನೇ ಸಾಲಲ್ಲೇ ‘ನೀರು’, ತೀರಾ ಚಿಕ್ಕ ಫೈಲು ಅಂತ ಬರೆದಿದ್ದಾರಲ್ಲೋ. ಅದನ್ನ ತೆಗೆದಿಟ್ಟು ಇದನ್ನ ಮಾಡಬಹುದಿತ್ತು.”

“ಮಧ್ಯ ನಿಲ್ಲಿಸಿದ್ರೆ ಡಿಸ್ಕು ಮತ್ತೆ ಏಳತ್ತೆ ಅಂತ ಗ್ಯಾರಂಟಿ ಇಲ್ಲ ಅಕ್ಕ. ಚಿಕ್ಕದು ಎಲ್ಲಿ ಓಡಿಹೋಗತ್ತೆ. ವಾಲ್ವಂತೆ. ನಲ್ಲಿ ತಿರುಗಿಸೋದಕ್ಕೂ ಪುರಾಣ ಬರೆದುಕೊಂಡು ಕೂತಿದ್ದಾನೆ ಮುದುಕ.”

“ನೀನು ಮನೇಲಿ ನಲ್ಲಿ ತಿರುಗಿಸಿದ್ರೆ ನೀರು ಬರೋದು ಯಾರಿಂದ ಅಂದ್ಕೊಂಡೆ?” ಎಂದು ಹೇಳಿ ಅಕ್ಕ ಖಾಲಿ ಟ್ರೇ ಎತ್ತಿಕೊಂಡು ಹೋದಳು. ಅಕ್ಕನಿಗೆ ಎಲ್ಲರೂ ಪಾಪವೇ. ಅವಳು ಕೌಂಟರಿನ ಈಚೆ ಕೂತು ಮುಖ ನೋಡುತ್ತಾಳೆ. ಮುಖ ನೋಡಿದರೆ ಎಲ್ಲರೂ ಪಾಪ ಅನ್ನಿಸುತ್ತಾರೆ. ಡಿಸ್ಕಿನೊಳಗೆ ನೋಡಿದವನಿಗೆ ಹಾಗನ್ನಿಸುವುದಿಲ್ಲ.

ಮೂರೂವರೆಗೆ, ಇನ್ನೇನು ಎಂಟುನೂರು ಫೋಟೋ ಉಳಿದಿರುವಾಗ, ಸದ್ದು ಬದಲಾಯಿತು. ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ, ಸಣ್ಣಗೆ. ಡಿಸ್ಕಪ್ಪ ತಂತಿ ಕಿತ್ತ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಜೋಡಿಸಿದ. ಕೆರೆತ ಇನ್ನೂ ಜೋರಾಗಿ ಕೇಳಿತು. ಆಮೇಲೆ ತಟ್ಟೆ ತಿರುಗುವುದೇ ನಿಂತಿತು. ಓದುವ ಕೈ ತಟ್ಟೆಗೆ ತಗುಲಿ ಕೆರೆದುಬಿಟ್ಟಿತ್ತು. ಕೆರೆದ ತಟ್ಟೆಯಿಂದ ಯಾವ ದೊಡ್ಡ ಲ್ಯಾಬಿನವರೂ ಏನೂ ತೆಗೆಯಲಾರರೆಂದು ಅವನಿಗೆ ಗೊತ್ತಿತ್ತು. ಎಷ್ಟೋ ಜನಕ್ಕೆ ಅವನೇ ಹೇಳಿದ್ದ, ಅದೂ ಬಹಳ ಗತ್ತಿನಿಂದ.

ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಅವನು ಮೊದಲು ಡಿಸ್ಕು ಮಾಡಿದ ಕಂಪನಿಯನ್ನು ಬೈದ. ಆಮೇಲೆ ಮೂರು ಕಾಪಿಯನ್ನು ಒಂದೇ ಕಡೆ ಇಟ್ಟ ಮುದುಕನನ್ನು ಬೈದ, ನೋಟ್‌ಬುಕ್ ರದ್ದಿಗೆ ಹಾಕಿದ ಮುದುಕಿಯನ್ನು ಬೈದ. ಬೈಯಲು ಇನ್ನೊಬ್ಬರು ಉಳಿದಿದ್ದರು; ಅಷ್ಟು ಹೊತ್ತಿಗೆ ಅವನು ಎದ್ದು ಮುಖ ತೊಳೆದುಕೊಂಡು ಬಂದ. ಎಂಟು ಸಾವಿರ ಫೋಟೋ ಸಿಕ್ಕಿವೆ. ಮೊಮ್ಮಗಳ ಮುಖ ನೋಡಿದರೆ ಮುದುಕಿ ಕಣ್ಣೊರೆಸಿಕೊಳ್ಳುತ್ತಾಳೆ. ವಾಲ್ವಿನ ಮಾತೇ ಎತ್ತುವುದಿಲ್ಲ.

ಶನಿವಾರ ಇಬ್ಬರೂ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಡಿಸ್ಕಪ್ಪ ತಾನೇ ಅವರನ್ನು ಕೂರಿಸಿ, ಹೊಸ ಪೆನ್ ಡ್ರೈವನ್ನು ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ, ಮಾನಿಟರನ್ನು ಅವರ ಕಡೆ ತಿರುಗಿಸಿದ. ಪುಟ್ಟಿ ಬಕೆಟ್ಟಿನಿಂದ ನಗುತ್ತಿದ್ದಳು.

“ಎಂಟು ಸಾವಿರದ ಇನ್ನೂರು ಫೋಟೋ,” ಅಂದ. “ಆ ಡಿಸ್ಕಿಂದ ಇಷ್ಟು ತೆಗೆಯೋದು ಹುಡುಗಾಟ ಅಲ್ಲ.”

ಹೆಂಡತಿ ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದರು. ಕಣ್ಣೊರೆಸಿಕೊಳ್ಳಲಿಲ್ಲ.

“ಇದೆಲ್ಲ ಮಗಳ ಫೋನಲ್ಲಿದೆ,” ಅಂದರು. “ಅವಳು ಬಂದಾಗೆಲ್ಲ, ಅಮ್ಮ ನೋಡ್ಲಿ ಅಂತ ಫೋನಿಂದ ಇದಕ್ಕೆ ತುಂಬಿಸಿ ಹೋಗೋಳು. ಅಳಿಯನ ಹತ್ರಾನೂ ಇದೆ. ಈ ಬಕೆಟ್ಟಿಂದು ನಮ್ಮನೆ ಗೋಡೆ ಮೇಲೇ ಇದೆ.”

“ನೀರು?” ವಾಲ್ವಣ್ಣ ಕೇಳಿದರು.

“ಅದೇ ತಾತ... ಅದಿದ್ದ ಜಾಗದಲ್ಲೇ ಡಿಸ್ಕು ಕೆಟ್ಟಿತ್ತು.”

“ಮೂರು ಜಾಗದಲ್ಲಿತ್ತಲ್ಲ.”

“ಮೂರೂ ಕಡೆ ಕೆಟ್ಟಿತ್ತು.”

ವಾಲ್ವಣ್ಣ ತಲೆಯಾಡಿಸಿದರು. ವೈದ್ಯರು ಹೇಳಿದ್ದಕ್ಕೆ ಮನೆಯವರು ತಲೆಯಾಡಿಸುವ ಹಾಗೆ. “ಮೊದಲು ಅದನ್ನೇ ನೋಡಿದ್ರಿ ಅಲ್ವಾ. ನಿಮ್ಮ ಕೈಲಾದ್ದು ನೀವು ಮಾಡಿದ್ದೀರಿ ಬಿಡಿ.”

ಡಿಸ್ಕಪ್ಪ ಹೂಂ ಅಂದ. ಅಕ್ಕ ಕುರ್ಚಿಯಿಂದ ಎದ್ದಳು. ಪರದೆಯ ಪಕ್ಕಕ್ಕೆ ಹೋಗಿ, ಮೊಳೆಯಲ್ಲಿದ್ದ ಚೀಟಿಗಳ ಮಧ್ಯದಿಂದ ಒಂದನ್ನು ಹರಿಯದ ಹಾಗೆ ನಿಧಾನವಾಗಿ ಬಿಡಿಸಿಕೊಂಡು ಬಂದು ಮುದುಕರ ಮುಂದಿಟ್ಟಳು.

“ಇದು ನಿಮ್ದು. ತಗೊಂಡು ಹೋಗಿ ಯಜಮಾನ್ರೇ. ಇಲ್ಲಿದ್ದು ಏನೂ ಪ್ರಯೋಜನ ಇಲ್ಲ.”

ಇಷ್ಟೇ ಹೇಳಿ ಕೂತಳು. ತಮ್ಮನ ಕಡೆ ನೋಡಲಿಲ್ಲ. ಗಾಜಿನ ಬಾಗಿಲಾಚೆ ಒಂದು ವ್ಯಾನು ಹಿಂದಕ್ಕೆ ಬರುತ್ತಾ ಕೀಂ ಕೀಂ ಅನ್ನುತ್ತಿತ್ತು.

“ಫೋಟೋ ಮೊದಲು ಮಾಡ್ದೆ,” ಅಂದ ಡಿಸ್ಕಪ್ಪ. “ನಿಮ್ಮ ಫೈಲು ಚೆನ್ನಾಗೇ ಇತ್ತು. ಕಣ್ಣಿಗೆ ಕಾಣಿಸ್ತಿತ್ತು. ಫೋಟೋ ಮುಗಿಸಿ ತೆಗೆಯೋಣ ಅಂತ ಬಿಟ್ಟೆ. ಎಲ್ಲರಿಗೂ ಹಾಗೇ ಮಾಡ್ತೀನಿ.”

“ಒಂದು ನಿಮಿಷದ ಕೆಲಸ ಅಂದಿದ್ಳು ಮಗಳು,” ವಾಲ್ವಣ್ಣ ಚೀಟಿಯನ್ನು ನೋಡುತ್ತ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ಫೋಟೋಗಿಂತ ಚಿಕ್ಕದು ಅಪ್ಪ ಅದು ಅಂದ್ಳು. ಅದಕ್ಕೇ ಮೊದಲು ಬರೆದೆ. ನಿಮಗೆ ಜಾಸ್ತಿ ತೊಂದರೆ ಆಗಬಾರ್ದು ಅಂತ.”

ಡಿಸ್ಕಪ್ಪನಿಗೆ ಬೈಸಿಕೊಂಡು ಅಭ್ಯಾಸವಿತ್ತು. ಬೈದವರನ್ನು ತಿರುಗಿ ಬೈದು ಹಗುರಾಗುವುದೂ ಗೊತ್ತಿತ್ತು. ಇಲ್ಲಿ ಯಾರೂ ಬೈದಿರಲಿಲ್ಲ. “ನೀವು ಏನೂ ಕೊಡೋದು ಬೇಡ” ಅಂದ.

ಹೆಂಡತಿ ಖಾಲಿ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಪೆನ್ ಡ್ರೈವನ್ನು ಕೌಂಟರಿನ ಮೇಲೇ ಬಿಟ್ಟರು.

“ಇವರು ಕೂತು ಕುಟ್ಟುವಾಗ ನಾನೂ ನಗ್ತಿದ್ದೆ ಕಣಪ್ಪ,” ಅಂದರು. “ಮುಖದ ಮೇಲೇ ನಗ್ತಿದ್ದೆ. ನಾನು ಇವರ ಹೆಂಡತಿ, ನಲವತ್ತೈದು ವರ್ಷ ಇವರ ಒದ್ದೆ ಬಟ್ಟೆ ಹಿಂಡಿದ್ದೀನಿ. ನಗೋಕೆ ನೀನ್ಯಾರು?”

ಅವರು ಹೊರಗೆ ಹೋದರು. ಅಕ್ಕ ರಸೀದಿ ಪುಸ್ತಕ ತೆರೆದು, ಏನೂ ಬರೆಯದೆ, ಮುಚ್ಚಿದಳು.

ಗಾಜಿನೊಳಗಿನಿಂದ ಡಿಸ್ಕಪ್ಪ ನೋಡುತ್ತಿದ್ದ. ದಂಪತಿಗಳು ಬಸ್ ನಿಲ್ದಾಣದ ಕಡೆ ಹೋಗಲಿಲ್ಲ. ಕನ್ನಡಕದ ಅಂಗಡಿ ದಾಟಿ ಬೀದಿಯ ಮೂಲೆಯಲ್ಲಿ ನಿಂತು ಏನೋ ವಾದ ಮಾಡುತ್ತಿದ್ದರು. ಆಮೇಲೆ ಮುದುಕರು ಮೂಲೆಯ ಕಟ್ಟಡದ ಗೋಡೆಗೆ ಹಿಮ್ಮಡಿ ಆನಿಸಿ, ಊರುಗೋಲು ಮುಂದಿಟ್ಟು ಹೊರಟರು. ನಾಲ್ಕು ಹೆಜ್ಜೆಗೆ ನಿಂತರು. ಹಿಂದಕ್ಕೆ ಬಂದು ಮತ್ತೆ ಹೊರಟರು, ಮತ್ತೆ ನಿಂತರು. ಹೆಂಡತಿ ಚೀಲದ ಮೇಲೆ ಕಾಗದ ಇಟ್ಟುಕೊಂಡು ಪೆನ್ನು ಹಿಡಿದು ಕಾಯುತ್ತಿದ್ದರು.

ಅವನು ಬಾಗಿಲು ತಳ್ಳಿ ಹೊರಗೆ ಬಂದ.

“ಏನು ತಾತ?”

“ಏನಿಲ್ಲ. ಸೋಮವಾರ ಬರೀ ಕೈಯಲ್ಲಿ ಹೋಗೋದು ಹೇಗೆ, ಈ ಬೀದೀದಾದ್ರೂ ಬರ್ಕೊಳ್ಳೋಣ ಅಂತ. ಎಲ್ಲಾ ನನ್ನ ಹೆಜ್ಜೆ ಲೆಕ್ಕದಲ್ಲೇ ನೆನಪಿರೋದು. ಈ ಗೋಡೆಯಿಂದ ಏಳು ಹೆಜ್ಜೆಗೆ ಒಂದು ವಾಲ್ವು. ಟೇಪು ಹಿಡ್ಕೊಂಡು ಯಾವತ್ತೂ ಅಳೆದಿಲ್ಲ. ಈಗ ನೋಡಿದ್ರೆ ಹೆಜ್ಜೆಯೇ ಚಿಕ್ಕದಾಗಿಬಿಟ್ಟಿದೆ. ಎಲ್ಲಿಗೆ ಬಂದು ನಿಲ್ಲುತ್ತೋ ತಿಳೀತಿಲ್ಲ.”

“ನಾನು ನಡೀತೀನಿ,” ಅಂದ ಡಿಸ್ಕಪ್ಪ.

ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಇವನು ಎಣಿಸಿದ್ದನ್ನ ನಂಬ್ತೀರಾ?”

“ಎಣಿಸೋದು ನೀನು. ಅವರು ಬರೀ ನಡೀಲಿ. ಅವರ ಹೆಜ್ಜೆ ನನ್ನ ಹಳೇ ಹೆಜ್ಜೆ ಅಷ್ಟಿದೆಯೋ ಇಲ್ವೋ ನಾನು ನೋಡಿದ್ರೆ ಗೊತ್ತಾಗತ್ತೆ.”

ಡಿಸ್ಕಪ್ಪ ಗೋಡೆಗೆ ಹಿಮ್ಮಡಿ ಆನಿಸಿ ಹೊರಟ. ಮೂರನೆಯ ಹೆಜ್ಜೆಗೆ ಬೈಕಿನವನೊಬ್ಬ ಹಾರ್ನ್ ಹೊಡೆದು, ಕುಡಿದಿದ್ದೀಯಾ ಎಂದು ಕೇಳಿಕೊಂಡು ಹೋದ. ಕನ್ನಡಕದವನು ಬಾಗಿಲಿಗೆ ಬಂದು ಕೈಕಟ್ಟಿ ನಿಂತು ಹಲ್ಲು ಬಿಟ್ಟ. ಏಳನೆಯ ಹೆಜ್ಜೆಗೆ ಹೆಂಡತಿ ಸಾಕು ಅಂದರು. ವಾಲ್ವಣ್ಣ ಅವನ ಕಾಲಡಿಯ ಟಾರನ್ನು ನೋಡಿ ತಲೆಯಲ್ಲಾಡಿಸಿದರು.

“ತುಂಬಾ ಮುಂದೆ ಬಂದ್ರಿ. ಅಷ್ಟು ಬೀಸಿ ಹಾಕಬೇಡಿ.”

ಅವನು ಮತ್ತೆ ಹೋಗಿ ಮತ್ತೆ ಬಂದ. ಈ ಸಲ ಹಿಂದೆ ಉಳಿದ.

“ಈಗ ತೀರಾ ಜೋಪಾನ ಮಾಡಿದ್ರಿ. ಸುಮ್ನೆ ನಡೀರಿ ಸರ್. ಕೆಲಸ ಮುಗಿಸಿ ಮನೆಗೆ ಹೋಗೋ ಹಾಗೆ. ಕಾಲು ನೋಡ್ಕೋಬೇಡಿ.”

“ಬಿಸಿಲು ಏರ್ತಿದೆ,” ಅಂದರು ಹೆಂಡತಿ, ಯಾರಿಗೋ.

ಡಿಸ್ಕಪ್ಪ ಮೂರನೆಯ ಸಲ ಮೂಲೆಗೆ ಹೋಗಿ ನಿಂತ. ಸುಮ್ಮನೆ ನಡೆಯುವುದು ಹೇಗೆಂದು ಅವನಿಗೆ ನೆನಪಾಗಲಿಲ್ಲ. ಎದುರಿನಿಂದ ಬರುತ್ತಿದ್ದ ಜನರ ಕಾಲುಗಳನ್ನು ಒಂದಷ್ಟು ಹೊತ್ತು ನೋಡಿದ. ಆಮೇಲೆ ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಕತ್ತೆತ್ತಿ, ಎಡಗಾಲು ಮುಂದಿಟ್ಟ.

“ಒಂದು,” ಅಂದರು ಆಕೆ.